ಬ್ಯಾಂಕಿನವರ ಉಪ್ಪಿಟ್ಟು

ಅವಧಿ ಮುಗಿದ ಕ್ರೆಡಿಟ್ ಕಾರ್ಡನ್ನು ಎರಡು ತುಂಡು ಮಾಡಿ ಬಿಸಾಡಬೇಕಂತೆ. ಹೊಸ ಕಾರ್ಡಿನ ಜೊತೆ ಬರುವ ಕಾಗದದಲ್ಲಿ ಪ್ರತಿ ಸಲವೂ ಹಾಗೆ ಬರೆದಿರುತ್ತದೆ. ನಾನು ಹೇಳಿದ ಮಾತು ಕೇಳುವವಳು. ಪ್ರತಿ ಸಲವೂ ಕತ್ತರಿಸಿ ಬಿಸಾಡಿದ್ದೇನೆ, ಮೊಟ್ಟಮೊದಲನೆಯದೊಂದನ್ನು ಬಿಟ್ಟು. ಅದು ಬೀರುವಿನಲ್ಲಿ ಅಮ್ಮನ ಸೀರೆಗಳ ಕೆಳಗೆ, ತಾನು ಬಂದ ಲಕೋಟೆಯಲ್ಲೇ ಇದೆ. ಮೊನ್ನೆ ನುಸಿಗುಳಿಗೆ ಇಡಲು ಹೋದಾಗ ಕೈಗೆ ಸಿಕ್ಕಿತು. ಇನ್ನೆಷ್ಟು ವರ್ಷ ಇಟ್ಟುಕೊಳ್ಳುವುದು ಎಂದು ಕತ್ತರಿ ತಂದೆ. ಕತ್ತರಿ ಮೊಂಡಾಗಿದೆ ಎಂದು ನನಗೆ ನಾನೇ ಹೇಳಿಕೊಂಡು ಪಕ್ಕಕ್ಕಿಟ್ಟೆ. ನಿಮ್ಮ ಹತ್ತಿರ ಸುಳ್ಳೇಕೆ, ಕತ್ತರಿ ಚೆನ್ನಾಗಿಯೇ ಇತ್ತು.

ಈಗಿನವರಿಗೆ ಕ್ರೆಡಿಟ್ ಕಾರ್ಡಿನಲ್ಲಿ ಏನು ಅತಿಶಯ ಎನಿಸಬಹುದು. ಮಧ್ಯಾಹ್ನ ಉಂಡು ಒರಗಿದರೆ ಸಾಕು, ಕಾರ್ಡ್ ತಗೊಳ್ಳಿ ಮೇಡಂ ಎಂದು ಯಾವುದೋ ಹುಡುಗಿ ಫೋನಿನಲ್ಲಿ ಗೋಗರೆಯುತ್ತಾಳೆ. ನಾನು ಹೇಳುತ್ತಿರುವುದು ಹೊಸ ಶತಮಾನ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದ ಮಾತು. ಆಗ ನಮ್ಮ ಕಡೆ ಕಾರ್ಡು ಎಂದರೆ ರೇಷನ್ ಕಾರ್ಡು. ಅದರಲ್ಲಿ ಸೀಮೆಎಣ್ಣೆ ಸಿಗುತ್ತಿತ್ತು. ಇನ್ನೊಂದು ಜಾತಿಯ ಕಾರ್ಡು ಇದೆ, ಅದನ್ನು ತೋರಿಸಿದರೆ ಅಂಗಡಿಯವನು ಹಣ ಕೇಳದೆ ಸಾಮಾನು ಕೊಟ್ಟು ಮೇಲೆ ಥ್ಯಾಂಕ್ಸ್ ಹೇಳುತ್ತಾನೆ ಎಂಬುದು ಶಿವಮೊಗ್ಗಕ್ಕೆ ಆಗ ತಾನೇ ತಲುಪಿದ್ದ ಸುದ್ದಿ. ಭದ್ರಾವತಿಗೆ ಅದೂ ತಲುಪಿರಲಿಲ್ಲ.

ನಾನು ಎರಡೂ ಊರಿನವಳು. ಮನೆ ಭದ್ರಾವತಿ ಹಳೇ ನಗರದ ಒಂದು ಸಾಲುಮನೆಯಲ್ಲಿ. ಕೆಲಸ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಔಷಧಿಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಸಂಜೆಯ ಬಸ್ಸಿನಲ್ಲಿ ಶಂಕರಘಟ್ಟದ ಹಾಸ್ಟೆಲಿಗೆ ವಾಪಸಾಗುವ ಯೂನಿವರ್ಸಿಟಿ ಹುಡುಗಿಯರು ತುಂಬಿರುತ್ತಿದ್ದರು. ಎಷ್ಟೋ ವರ್ಷ ಅವರೊಂದಿಗೆ ಸೀಟಿಗಾಗಿ ಸಮಸಮವಾಗಿ ನುಗ್ಗಿದ್ದೇನೆ. ಒಂದು ಸಂಜೆ ಅವರಲ್ಲೊಬ್ಬಳು ಎದ್ದು ನಿಂತು, "ಬನ್ನಿ ಆಂಟಿ, ಕೂತ್ಕೊಳ್ಳಿ" ಎಂದಳು. ಕೂತೆ. ಕಾಲಿಗೆ ಹಾಯೆನಿಸಿತು, ಜೀವಕ್ಕೆ ಅನಿಸಲಿಲ್ಲ. ಆಗ ನನಗೆ ಮೂವತ್ತನಾಲ್ಕು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಬಂದವರು ಯಾರೂ ಕಾರಣ ಹೇಳಿ ಹೋಗಲಿಲ್ಲ. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಊರಿಗೆ ಹೋಗಿ ತಿಳಿಸ್ತೀವಿ ಎಂದರು. ಅವರ ಊರುಗಳಲ್ಲಿ ಅಂಚೆ ಪೆಟ್ಟಿಗೆ ಇರಲಿಲ್ಲವೋ ಏನೋ. ಕಡೆಕಡೆಗೆ ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದ ವಾಸನೆಗೇ ನನ್ನ ಕೈ ತಣ್ಣಗಾಗುತ್ತಿತ್ತು. ಇದನ್ನು ನೋಡಿದ ಅಮ್ಮ, ಮಾತು ಒಂದು ಹಂತಕ್ಕೆ ಬರುವವರೆಗೆ ಇವಳ ಕಿವಿಗೆ ಹಾಕುವುದೇ ಬೇಡ ಎಂದು ತೀರ್ಮಾನಿಸಿಬಿಟ್ಟಳು. ಆಮೇಲೆ ಮಾತು ಯಾವ ಹಂತಕ್ಕೂ ಬರಲಿಲ್ಲವಾಗಿ ನನ್ನ ಕಿವಿಗೆ ಏನೂ ಬೀಳಲಿಲ್ಲ. ಎಲ್ಲರೂ ಕೈಬಿಟ್ಟರು ಎಂದುಕೊಂಡು ನಾನು ಒಂದು ರೀತಿಯ ನೆಮ್ಮದಿಯಲ್ಲಿದ್ದೆ.

ಕಾರ್ಡಿನ ಹುಚ್ಚು ಹತ್ತಿದ್ದು ಈ ನೆಮ್ಮದಿಯ ಕಾಲದಲ್ಲೇ. ಅಂಗಡಿಗೆ ಟೈ ಕಟ್ಟಿಕೊಂಡ ಏಜೆಂಟನೊಬ್ಬ ಬಂದು ಕಾರ್ಡಿನ ಮಾದರಿಯೊಂದನ್ನು ನನ್ನ ಮೇಜಿನ ಮೇಲಿಟ್ಟ. ನೀಲಿ ಬಣ್ಣದ್ದು. ಅದರ ಮೇಲೆ ಯಾರದೋ ಹೆಸರು ಉಬ್ಬಿದ ಅಕ್ಷರಗಳಲ್ಲಿತ್ತು. "ಇಲ್ಲಿ ನಿಮ್ಮ ಹೆಸರು ಬರುತ್ತೆ ಮೇಡಂ" ಎಂದ. ನಾನು ಬೆರಳಿಟ್ಟು ಮುಟ್ಟಿ ನೋಡಿದೆ. ಅಲ್ಲಿಗೆ ಮುಗಿಯಿತು.

ನಮ್ಮ ಮನೆಯಲ್ಲಿ ನನ್ನ ಹೆಸರಿನ ವಸ್ತುವೇ ಇರಲಿಲ್ಲ. ಅಪ್ಪ ಕಾರ್ಖಾನೆಯ ಸರ್ವೀಸಿನಲ್ಲಿರುವಾಗಲೇ ತೀರಿಕೊಂಡಿದ್ದರು. ಅವರು ಹೋಗಿ ಎಷ್ಟೋ ವರ್ಷವಾದರೂ ಗ್ಯಾಸು, ಫೋನು ಎಲ್ಲ ಅವರ ಹೆಸರಿನಲ್ಲೇ ನಡೆಯುತ್ತಿದ್ದವು. ಗ್ಯಾಸಿನವನು ಬಾಗಿಲಲ್ಲಿ ನಿಂತು "ಕೃಷ್ಣಮೂರ್ತಿ ಇದಾರಾ?" ಎಂದು ಕೂಗಿದರೆ ಅಮ್ಮ ಒಳಗಿನಿಂದಲೇ "ಇದಾರೆ, ಇಳ್ಸಪ್ಪ" ಎನ್ನುತ್ತಿದ್ದಳು. ನನ್ನ ಜೊತೆಯ ಹುಡುಗಿಯರ ಹೆಸರು ಒಂದು ಸಲವಾದರೂ ಅಚ್ಚಾಗಿ ಬರುತ್ತಿತ್ತು, ಲಗ್ನಪತ್ರಿಕೆಯಲ್ಲಿ. ಪ್ರೆಸ್ಸಿನಿಂದ ಕಟ್ಟು ಬಂದ ಕೂಡಲೇ ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಾರಲ್ಲ, ಅದನ್ನು ನಾನು ಬೇರೆಯವರ ಮನೆಗಳಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಕೆಲವಕ್ಕೆ ಅರಿಶಿನ ಕಲಸಿ ಕೊಟ್ಟವಳೂ ನಾನೇ. ನನಗೆ ಕಾರ್ಡಿನಿಂದ ಸೀರೆ ಕೊಳ್ಳುವ ಆಸೆಯಿರಲಿಲ್ಲ, ಫ್ರಿಜ್ ಕೊಳ್ಳುವ ಆಸೆಯೂ ಇರಲಿಲ್ಲ. ನನ್ನನ್ನು ನಾನೆಂದೇ, ನನ್ನ ಹೆಸರಿನ ಮೇಲೆಯೇ ಯಾರಾದರೂ ನಂಬಬೇಕಿತ್ತು. ಇಂಥವಳ ಮಗಳು, ಇಂಥವನ ಹೆಂಡತಿ ಎಂದಲ್ಲ. ಇಷ್ಟು ದೊಡ್ಡ ಆಸೆಯನ್ನು ಅಷ್ಟು ಚಿಕ್ಕ ಪ್ಲಾಸ್ಟಿಕ್ಕಿನ ಮೇಲೆ ಹೇರಿದ್ದು ನನ್ನ ದಡ್ಡತನ.

ಅಮ್ಮನಿಗೆ ಹೇಳಲಿಲ್ಲ. ಸಾಲದ ಕಾರ್ಡು ಎಂದು ಗೊತ್ತಾದರೆ ಮನೆಗೆ ಮಾರಿ ಬಂದಷ್ಟೇ ಗಾಬರಿಯಾಗುತ್ತಿದ್ದಳು. ಕದ್ದು ಅರ್ಜಿ ಹಾಕಿದೆ. ಕೆಲವು ವಾರಗಳ ನಂತರ ಅಂಗಡಿಯ ವಿಳಾಸಕ್ಕೆ ಉತ್ತರ ಬಂತು. ವಿಷಾದದಿಂದ ತಿಳಿಸುತ್ತೇವೆ, ಸದ್ಯಕ್ಕೆ ಸಾಧ್ಯವಿಲ್ಲ. ಕಾರಣ ಇರಲಿಲ್ಲ. ಇನ್ನೊಂದು ಬ್ಯಾಂಕಿಗೆ ಹಾಕಿದೆ. ಅಲ್ಲಿಂದಲೂ ವಿಷಾದವೇ ಬಂತು. ಮೂರನೆಯದರ ಲಕೋಟೆಯನ್ನು ನಾನು ಒಡೆಯದೆಯೇ ಓದಬಲ್ಲವಳಾಗಿದ್ದೆ. ಗಂಡಿನ ಕಡೆಯವರು ಒಲ್ಲೆ ಎಂದರೆ ಬಣ್ಣವನ್ನೋ ಮೂಗನ್ನೋ ಕಾರಣ ಮಾಡಿಕೊಂಡು ಅಳಬಹುದು. ಮುಖವನ್ನೇ ನೋಡದ ಬ್ಯಾಂಕಿನವರೂ ಒಲ್ಲೆ ಎಂದರೆ ನನ್ನಲ್ಲಿ ಎಂಥದ್ದೋ ಬುಡದಲ್ಲೇ ಕೆಟ್ಟಿರಬೇಕು ಎನಿಸಿತು. ಗೋದಾಮಿನ ಹಿಂದೆ ಹೋಗಿ ಟಾನಿಕ್ ಪೆಟ್ಟಿಗೆಗಳ ಮಧ್ಯೆ ನಿಂತು ಅತ್ತಿದ್ದೇನೆ. ಇದ್ದ ಒಂದೇ ಸಮಾಧಾನವೆಂದರೆ ಬ್ಯಾಂಕಿನವರು ಗಂಡಿನವರಿಗಿಂತ ಮರ್ಯಾದಸ್ಥರು. ಕಾಗದ ಬರೆಯುತ್ತಾರೆ, ಮತ್ತು ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗುವುದಿಲ್ಲ.

ಏಜೆಂಟನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. "ಮೇಡಂ, ಎಫ್‌ಡಿ ಏನಾದ್ರೂ ಇದೆಯಾ? ಅದನ್ನ ಅಡ ಇಟ್ರೆ ಕಾರ್ಡ್ ಕೊಡ್ತಾರೆ. ಯಾರೂ ವಿಚಾರಿಸೋಕೆ ಬರಲ್ಲ" ಎಂದ. ಎಫ್‌ಡಿ ಇತ್ತು. ಅಪ್ಪನ ಪಿ.ಎಫ್. ಹಣದಲ್ಲಿ ಅಮ್ಮ ಮಾಡಿಸಿಟ್ಟಿದ್ದು, ನನ್ನ ಮದುವೆಗೆಂದು. ಅವಧಿ ಮುಗಿದಂತೆಲ್ಲ ಅಮ್ಮ ಅದನ್ನು ಮತ್ತೆ ಮತ್ತೆ ನವೀಕರಿಸುತ್ತಿದ್ದಳು. ಅದನ್ನು ಮುಟ್ಟುವ ಧೈರ್ಯ ನನಗೆ ಇರಲಿಲ್ಲ. ಅಲ್ಲದೆ ಅಡವಿಟ್ಟು ಪಡೆದ ನಂಬಿಕೆ ಎಂಥ ನಂಬಿಕೆ? "ನನಗೆ ಮಾಮೂಲಿ ಕಾರ್ಡೇ ಬೇಕು" ಎಂದೆ. "ಹಂಗಾದ್ರೆ ಇನ್ನೊಂದ್ಸಲ ಹಾಕಿ ನೋಡೋಣ ಮೇಡಂ" ಎಂದು ಅವನು ನಾಲ್ಕನೆಯ ಬ್ಯಾಂಕಿನ ಅರ್ಜಿ ತೆಗೆದ.

ಇಲ್ಲಿ ನಮ್ಮ ಸಾಲುಮನೆಯ ಒಂದು ಪದ್ಧತಿ ಹೇಳದೆ ಮುಂದೆ ಹೋಗುವಂತಿಲ್ಲ. ಕೈಯಲ್ಲಿ ಬ್ಯಾಗು ಹಿಡಿದ ಅಪರಿಚಿತನೊಬ್ಬ ಸಾಲಿಗೆ ಬಂದು, ಇಂಥವರ ಮನೆ ಯಾವುದು, ಹುಡುಗಿ ಏನು ಮಾಡುತ್ತಾಳೆ, ಜನ ಹೇಗೆ ಎಂದು ಕೇಳಿದನೆಂದರೆ ಅದು ಸಂಬಂಧದ ವಿಚಾರಣೆಯೇ. ಬೇರೆ ಯಾವ ಕಾರಣಕ್ಕೂ ನಮ್ಮನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಆಗ ಇಡೀ ಸಾಲು ಒಂದಾಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿಸಿ ಜಗಳವಾಡಿದ ಹೆಂಗಸರು ಸಂಜೆ ಒಬ್ಬರ ಮಗಳನ್ನು ಇನ್ನೊಬ್ಬರು ಹೊಗಳುತ್ತಿದ್ದರು. ವಯಸ್ಸು ಇಳಿಸುವುದು, ಅಡುಗೆ ಏರಿಸುವುದು, ಸಿಟ್ಟು ಮುಚ್ಚುವುದು, ಎಲ್ಲವೂ ಧರ್ಮದ ಕೆಲಸ. ಮಕ್ಕಳಿಗೂ ಪಾಲಿತ್ತು. ನಾನು ಲಂಗ ಹಾಕುವ ವಯಸ್ಸಿನಲ್ಲಿ ಕೊನೆಯ ಮನೆಯ ಲಲಿತಕ್ಕನಿಗೆ ಗಂಡು ಹುಡುಕುತ್ತಿದ್ದರು. ವಿಚಾರಿಸಲು ಬಂದ ಮುದುಕರೊಬ್ಬರು ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ನಿಲ್ಲಿಸಿ, ಲಲಿತ ಹೇಗೆ ಎಂದು ಕೇಳಿದರು. "ಲಲಿತಕ್ಕ ಯಾವಾಗ್ಲೂ ನಗ್ತಾನೇ ಇರ್ತಾಳೆ" ಎಂದು ಕಲಿಸಿಕೊಟ್ಟಿದ್ದನ್ನು ಒಪ್ಪಿಸಿದೆ. ಲಲಿತಕ್ಕನಿಗೆ ಮದುವೆಯಾಯಿತು, ನನಗೆ ಒಂದು ಕೊಬ್ಬರಿ ಮಿಠಾಯಿ ಸಿಕ್ಕಿತು. ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ.

ನಾಲ್ಕನೆಯ ಅರ್ಜಿ ಹಾಕಿದ ಕೆಲವು ದಿನಗಳಿಗೆ ಅಂಗಡಿಗೆ ಒಬ್ಬ ಮನುಷ್ಯ ಬಂದ. ಹೆಲ್ಮೆಟ್ಟು, ಹೆಗಲಿಗೆ ಬ್ಯಾಗು. ಬ್ಯಾಂಕಿನವರ ಪರವಾಗಿ ಅರ್ಜಿದಾರರ ಮನೆ, ಕೆಲಸ ನೋಡಿಕೊಂಡು ವರದಿ ಬರೆಯುವವನು. ಹೆಸರು ಮಂಜುನಾಥ. ಕೆಲಸದ ಜಾಗ ನೋಡಲು ಅವನು ಬಂದದ್ದು ಅದೇ ಮೊದಲು. ಹಿಂದೆಲ್ಲ ಅಂಗಡಿಗೆ ಫೋನು ಮಾಡಿ ಮುಗಿಸಿದ್ದರು. ಯಜಮಾನರ ಹತ್ತಿರ ಮಾತಾಡಿ, ನನ್ನ ಮೇಜಿನ ಬಳಿ ಬಂದು ನಿಂತ.

"ಗಿರಿಜಾ ಮೇಡಂ ಅಂದ್ರೆ ನೀವೇನಾ?"

"ಹೌದು."

"ಅಂತೂ ನೋಡಿದ ಹಾಗಾಯ್ತು" ಎಂದು ಸುತ್ತ ನೋಡಿ ದನಿ ತಗ್ಗಿಸಿದ. "ನಾನು ಹೇಳಬಾರದು ಮೇಡಂ, ಆದ್ರೂ ಹೇಳ್ತೀನಿ. ಈ ಕಡೆ ಎಲ್ಲಾ ಬ್ಯಾಂಕಿಗೂ ಮನೆ ನೋಡೋದು ನಮ್ಮ ಏಜೆನ್ಸಿನೇ. ನಿಮ್ಮ ಮನೆಗೆ ಮೂರು ಸಲಾನೂ ನಾನೇ ಹೋಗಿದ್ದು."

"ನಮ್ಮ ಮನೆಗೆ ಬಂದಿದ್ರಾ? ಮತ್ತೆ ಯಾಕೆ ಪ್ರತಿ ಸಲ ಇಲ್ಲ ಅಂತ ಬರುತ್ತೆ?"

"ಮನೇಲಿ ಹೇಳಿದ್ದನ್ನೇ ಅಲ್ವಾ ನಾನು ಬರೀಬೇಕು? ಮಗಳು ಕೆಲಸದಲ್ಲಿದಾರಾ ಅಂದೆ. ಕೆಲಸ ಅಂತೇನಿಲ್ಲ, ಸುಮ್ನೆ ಹೊತ್ತು ಹೋಗ್ಲಿ ಅಂತ ಹೋಗ್ತಾಳೆ, ಅವಳ ಸಂಬಳ ನಾವು ಮುಟ್ಟಲ್ಲ ಅಂದ್ರು ನಿಮ್ಮ ತಾಯಿ. ಮುಂದಕ್ಕೂ ಕೆಲಸ ಮಾಡ್ತಾರಾ ಅಂದೆ. ಬೇಡ ಅಂದ್ರೆ ನಾಳೇನೇ ಬಿಡ್ತಾಳೆ, ಹಠದ ಹುಡುಗಿ ಅಲ್ಲ ಅಂದ್ರು. ಈ ಮನೇಲೇ ಇರ್ತಾರಾ ಅಂದ್ರೆ, ಎಲ್ಲಾ ಕೂಡಿ ಬಂದ್ರೆ ವೈಶಾಖದೊಳಗೆ ಹೊರಡೋಳೇ ಅಂದ್ರು. ವಯಸ್ಸು ಇಪ್ಪತ್ತೆಂಟಂತೆ. ಅರ್ಜೀಲಿ ಮೂವತ್ನಾಲ್ಕಿದೆ."

ನಾನು ಲೆಕ್ಕದ ಪುಸ್ತಕ ಮುಚ್ಚಿದೆ.

"ಪಕ್ಕದ ಮನೆ ತಮಿಳಮ್ಮ ಇದಾರಲ್ಲ, ಅವರನ್ನ ಕೇಳ್ದೆ. ರೊಂಬ ನಲ್ಲ ಹುಡುಗಿ ಸಾರ್, ತುಂಬಾ ಒಳ್ಳೇವ್ಳು, ಒಂದು ರೂಪಾಯಿ ಖರ್ಚು ಮಾಡಲ್ಲ ಅಂದ್ರು. ಖರ್ಚೇ ಮಾಡದೋರಿಗೆ ಬ್ಯಾಂಕಿನೋರು ಕಾರ್ಡ್ ಯಾಕೆ ಕೊಡ್ತಾರೆ ಮಾರಾಯ್ರೆ?"

"ನೀವು ಕಾರ್ಡಿನ ವಿಷಯಕ್ಕೆ ಬಂದಿದೀನಿ ಅಂತ ಹೇಳ್ಲಿಲ್ವಾ?"

"ಸಾಲದ ಮಾತು ಬಾಯಿ ಬಿಡಬಾರದು ಅಂತ ಆಫೀಸಲ್ಲಿ ಹೇಳಿದಾರೆ. ಅಕ್ಕಪಕ್ಕದೋರ ಮುಂದೆ ಜನಕ್ಕೆ ಮುಜುಗರ ಆಗುತ್ತಲ್ಲ. ವಿಳಾಸಕ್ಕೆ ಏನಾದ್ರೂ ದಾಖಲೆ ಇದ್ರೆ ಕೊಡಿ ಅಮ್ಮ ಅಂದಿದ್ದಕ್ಕೆ ಇದನ್ನ ಕೊಟ್ರು." ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ನನ್ನ ಜಾತಕದ ಜೆರಾಕ್ಸು. "ಬಸ್ ಚಾರ್ಜಿಗೆ ಅಂತ ದುಡ್ಡೂ ಕೊಡೋಕೆ ಬಂದ್ರು. ನಾನು ಮುಟ್ಟಲಿಲ್ಲ ಮೇಡಂ, ದೇವರಾಣೆ. ಒಳ್ಳೆ ಕಡೆ ನೋಡಪ್ಪ ಅಂತ ಕೈ ಮುಗಿದ್ರು. ನನಗೆ ಒಂಥರಾ ಆಯ್ತು."

"ಉಪ್ಪಿಟ್ಟು ಕೊಟ್ರಾ?" ಎಂದು ಕೇಳಿದೆ. ಅದನ್ನೇ ಯಾಕೆ ಕೇಳಿದೆನೋ.

"ಮೂರು ಸಲಾನೂ ಕೊಟ್ರು" ಎಂದು ಅವನು ನಾಚಿಕೊಂಡ. "ಚೆನ್ನಾಗಿತ್ತು. ನಾಳೆ ಬೆಳಿಗ್ಗೆ ಮತ್ತೆ ನಿಮ್ಮ ಮನೆಗೇ ಹೋಗ್ಬೇಕು. ಇವತ್ತೇ ಮನೇಲಿ ಒಂದು ಮಾತು ಹೇಳಿಟ್ಟಿರಿ."

ಸಂಜೆಯ ಬಸ್ಸಿನಲ್ಲಿ ಶಂಕರಘಟ್ಟದ ಹುಡುಗಿ ಎದ್ದು ಕೊಟ್ಟ ಸೀಟಿನಲ್ಲಿ ಕೂತು ನಾನು ನಗಲು ಪ್ರಯತ್ನಿಸಿದೆ. ನಗು ಬರಬೇಕಾದ ವಿಷಯವೇ. ನಿಮಗೂ ಬಂದಿರಬಹುದು. ಆದರೆ ನನಗೆ ಒಂದೊಂದಾಗಿ ನೆನಪಾಗತೊಡಗಿತು. ಆ ವರ್ಷ ಅಮ್ಮ ಇದ್ದಕ್ಕಿದ್ದಂತೆ ಒಂದು ಭಾನುವಾರ ನನ್ನನ್ನು ಎಳೆದು ಕೂರಿಸಿ ತಲೆಗೆ ಎಣ್ಣೆ ತಟ್ಟಿದ್ದಳು, ಮುಖಕ್ಕೆ ಕಡಲೆಹಿಟ್ಟು ಹಚ್ಚು ಎಂದು ಗೋಳು ಹೊಯ್ದುಕೊಂಡಿದ್ದಳು. ಇನ್ನೊಮ್ಮೆ ಕಾರಣವಿಲ್ಲದೆ ತನ್ನ ಬಳೆ ತೆಗೆದು ನನ್ನ ಕೈಗೆ ಹಾಕಿ ಅಳತೆ ನೋಡಿದ್ದಳು. ಅಡುಗೆಮನೆಯಲ್ಲಿ ಹಾಡು ಹೇಳಿಕೊಂಡಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಡಿದ್ದು ಆಗ ಮಾತ್ರ. ವಯಸ್ಸಾಗುತ್ತಾ ಅಮ್ಮ ಗೆಲುವಾಗುತ್ತಿದ್ದಾಳೆ ಎಂದು ನಾನು ಖುಷಿಪಟ್ಟಿದ್ದೆ. ಕೆಲವು ವಾರ ಕಳೆದ ಮೇಲೆ ಹಾಡು ನಿಂತು, ಮತ್ತೆ ಮೊದಲಿನಂತೆ ಕಿಟಕಿಯ ಬಳಿ ಸುಮ್ಮನೆ ಕೂರುತ್ತಿದ್ದಳು. ಇಬ್ಬರಿಗೂ ಒಂದೇ ಹೊತ್ತಿಗೆ ಉತ್ತರ ಬರುತ್ತಿತ್ತು. ನನಗೆ ಅಂಗಡಿಯ ವಿಳಾಸಕ್ಕೆ, ಅವಳಿಗೆ ಏನೂ ಬಾರದೆ.

ಮನೆಗೆ ಹೋಗಿ ಕಾಲು ತೊಳೆದು ಅಮ್ಮನ ಎದುರು ಕೂತು ಎಲ್ಲ ಹೇಳಿದೆ. ಸಾಲ, ಕಾರ್ಡು, ಅರ್ಜಿ, ಮಂಜುನಾಥ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಹಂಗಾದ್ರೆ," ಎಂದಳು, "ಯಾರೂ ಬಂದಿರ್ಲಿಲ್ವೇನೇ?"

"ಇಲ್ಲಮ್ಮ."

"ಮೂರು ಸಲಾನೂ?"

"ಹೂಂ."

ಅವಳು ಸೊಪ್ಪಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಎಷ್ಟೋ ಜನ ನನ್ನನ್ನು ಬೇಡ ಎಂದಿದ್ದಾರೆ. ಯಾರ ಬೇಡವೂ ನನಗೆ ಅಮ್ಮನ ಆ ಪ್ರಶ್ನೆಯಷ್ಟು ನೋಯಿಸಿಲ್ಲ. ಆ ಎಫ್‌ಡಿಯನ್ನೇ ಕದ್ದು ಅಡವಿಟ್ಟಿದ್ದರೆ ಯಾರೂ ವಿಚಾರಿಸಲು ಬರುತ್ತಿರಲಿಲ್ಲ, ಅಮ್ಮ ಮೂರು ಸಲ ಖುಷಿಪಟ್ಟು ಮೂರು ಸಲ ಕುಸಿಯುತ್ತಿರಲಿಲ್ಲ. ಅರ್ಜಿ ವಾಪಸ್ ತಗೊಳ್ಳುತ್ತೇನೆ, ನನಗೆ ಯಾವ ಕಾರ್ಡೂ ಬೇಡ ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡೇ, "ಬರ್ಲಿ ಬಿಡು ಅವ್ನು" ಎಂದಳು.

ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಮೊದಲೇ ಮಂಜುನಾಥ ಬಂದ. ನಾನು ಅಡುಗೆಮನೆಯಲ್ಲಿ ನಿಂತೆ. ಪಕ್ಕದ ಮನೆಯ ಸೆಲ್ವಿಯಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ. ಬ್ಯಾಗು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಓಡಿ ಬಂದಳು. "ವಾಂಗ ಸಾರ್, ಕೂತ್ಕೋಳಿ. ನಮ್ ಗಿರಿಜಾ ಥರ ಹುಡುಗಿ ಈ ಭದ್ರಾವತೀಲೇ..."

"ಸೆಲ್ವೀ, ಸುಮ್ನಿರು" ಎಂದಳು ಅಮ್ಮ. ಸೆಲ್ವಿಯಕ್ಕ ಬಾಯಿ ಮುಚ್ಚಿ ಹೊಸ್ತಿಲಲ್ಲೇ ನಿಂತಳು.

ಮಂಜುನಾಥ ಕೆಮ್ಮಿ ಶುರು ಮಾಡಿದ. ಪಾಪ, ತಲೆ ಎತ್ತಲಿಲ್ಲ.

"ಮಗಳ ವಯಸ್ಸು ಅಮ್ಮ?"

"ಮೂವತ್ನಾಲ್ಕು."

"ಕೆಲಸದಲ್ಲಿ ಮುಂದುವರೀತಾರಾ?"

"ಹೂಂ. ಅವಳ ಸಂಬಳದಲ್ಲೇ ಈ ಮನೆ ನಡೀತಿರೋದು."

"ಇದೇ ವಿಳಾಸದಲ್ಲಿ ಇರ್ತಾರಾ?"

ಅಮ್ಮ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ನಾನು ನೀರಿನ ಲೋಟ ಹಿಡಿದು ಗೋಡೆಗೊರಗಿ ನಿಂತಿದ್ದೆ. ಏನೂ ಹೇಳಬೇಡಮ್ಮ, ವೈಶಾಖದೊಳಗೆ ಹೊರಡ್ತಾಳೆ ಅಂತಲೇ ಹೇಳು ಎಂದು ಕೂಗಬೇಕೆನಿಸಿತು.

"ಇಲ್ಲೇ ಇರ್ತಾಳಪ್ಪ" ಎಂದಳು ಅಮ್ಮ. "ಬರ್ಕೋ. ಇನ್ನು ಎಲ್ಲಿಗೂ ಹೋಗಲ್ಲ ಅವಳು."

ಅವನು ಬರೆದುಕೊಂಡ. ನಾನು ತಂದುಕೊಟ್ಟ ನೀರು ಕುಡಿದು ಹೋದ. ಅವತ್ತು ಅಮ್ಮ ಉಪ್ಪಿಟ್ಟು ಮಾಡಿರಲಿಲ್ಲ.

ಕಾರ್ಡು ಮಂಜೂರಾಯಿತು. ಆಗದೆ ಏನು? ಅಮ್ಮ ನನ್ನ ಮದುವೆಯ ಆಸೆ ಬಿಟ್ಟಿದ್ದನ್ನು ಅವಳ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಬ್ಯಾಂಕಿಗೆ ನಂಬಿಕೆ ಬಂತು. ಏಜೆಂಟ್ ಅಂಗಡಿಗೆ ಬಂದು "ಕಂಗ್ರಾಟ್ಸ್ ಮೇಡಂ, ಸ್ವೀಟ್ ಎಲ್ಲಿ?" ಎಂದ. ಜೊತೆಯವರಿಗೆಲ್ಲ ಮೈಸೂರು ಪಾಕ್ ತರಿಸಿ ಹಂಚಿದೆ. ನ್ಯಾಯವಾಗಿ ನಾನು ಗೆದ್ದವಳು. ನನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟೆ.

ಕಾರ್ಡು ಕೊರಿಯರಿನಲ್ಲಿ ಮನೆಗೇ ಬಂತು, ನಾನಿಲ್ಲದ ಹೊತ್ತಿನಲ್ಲಿ. ಗಿರಿಜಾ ಎನ್ನುವವರು ಇದಾರಾ ಎಂದು ಆ ಬಾಗಿಲಲ್ಲಿ ನಿಂತು ಒಬ್ಬ ಕೂಗಿದ್ದು ಅದೇ ಮೊದಲು. ಅಮ್ಮ ಸಹಿ ಮಾಡಿ ತೆಗೆದುಕೊಂಡಿದ್ದಳು. ಸಂಜೆ ನಾನು ಬಂದಾಗ ಲಕೋಟೆ ದೇವರ ಗೂಡಿನಲ್ಲಿತ್ತು. ಒಡೆದಿರಲಿಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

"ಇದೇನಮ್ಮ ಇದು?"

"ನಿನ್ನ ಹೆಸರು ಅಚ್ಚಾಗಿ ಬಂದಿದೆ ಅಂದ ಕೊರಿಯರಿನೋನು. ಅದಕ್ಕೆ ಹಚ್ದೆ" ಎಂದಳು, ಯಾವ ವಿಶೇಷವೂ ಇಲ್ಲದವಳಂತೆ.

ಲಕೋಟೆ ಒಡೆದು ಕಾರ್ಡನ್ನು ಅವಳ ಕೈಗಿಟ್ಟೆ. ಅವಳಿಗೆ ಇಂಗ್ಲಿಷ್ ಬಾರದು. ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಅವಳ ಬೆರಳು ಹಿಡಿದು ಉಬ್ಬಿದ ಅಕ್ಷರಗಳ ಮೇಲೆ ಇಟ್ಟೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸವರಿದಳು. "ಪಕ್ಕದಲ್ಲಿ ಇನ್ನೊಂದು ಹೆಸರಿಗೆ ಜಾಗ ಇದೆ" ಎಂದಳು. ಆಮೇಲೆ ಕಾರ್ಡನ್ನು ನನ್ನ ಕೈಗೆ ಕೊಟ್ಟು, ಕಣ್ಣು ಒರೆಸಿಕೊಂಡು ಅಡುಗೆಮನೆಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು, ಇಬ್ಬರಿಗೆ ಆಗುವಷ್ಟು.